ಹಿಮದ ಬೂಟಿನೊಳಗಿನ ಹುಲ್ಲು

ಮ್ಯೂಸಿಯಮ್ಮಿನಲ್ಲಿ ಅವಳನ್ನು ಎಲ್ಲರೂ ಡಾಕ್ಟ್ರಮ್ಮ ಅಂತಲೇ ಕರೆಯೋದು. ನಾಡಿ ಹಿಡಿದವಳಲ್ಲ, ಸೂಜಿ ಚುಚ್ಚಿದವಳಲ್ಲ. ಒಡೆದ ಮಡಕೆ, ಹುಳ ತಿಂದ ಮರ, ಸೆಟೆದ ಚರ್ಮ, ಇವೇ ಅವಳ ರೋಗಿಗಳು. ಈ ಸಲ ಬಂದದ್ದು ಒಂಟಿ ಬೂಟು. ತಂದವನು ಒಡಹುಟ್ಟಿದ ಅಣ್ಣ. ಬೆಟ್ಟ ಹತ್ತುವವರಿಗೆ ದಾರಿ ತೋರಿಸೋದು ಅವನ ಕಸುಬು. ಹಿಮನದಿ ಕರಗಿ ಹಿಂದೆ ಸರಿದ ಕಡೆ ಅದು ಮೂತಿ ಹೊರಗೆ ಹಾಕಿಕೊಂಡು ಬಿದ್ದಿತ್ತಂತೆ. ಚರ್ಮದ ಚೂರನ್ನು ಪರೀಕ್ಷೆಗೆ ಕಳಿಸಿ, ಬೂಟನ್ನು ಫ್ರೀಜರಿನಲ್ಲಿಟ್ಟರು. ಸಾವಿರಾರು ವರ್ಷ ಹಳೆಯದು ಅಂತ ಉತ್ತರ ಬಂತು.

ಅವತ್ತಿನಿಂದ ಅಣ್ಣನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಊಟಕ್ಕೆ ಕೂತರೂ ಅದೇ, ಇವಳ ಕೆಲಸದ ಕೋಣೆಗೆ ಬಂದರೂ ಅದೇ. "ಅಲ್ವೇ, ಮೊಳೆ ಹೊಡೆದ ಬೂಟು ಹಾಕ್ಕೊಂಡೇ ನಾನು ಅಲ್ಲಿ ಜಾರ್ತೀನಿ. ಈ ಮೆತ್ತನೆ ಅಟ್ಟೇಲಿ ಅವನು ಹೇಗೆ ಹೋದ? ಆಗ ಅಲ್ಲಿ ಹಿಮ ಇತ್ತೋ ಇಲ್ವೋ?"

"ಚರ್ಮ ಅದನ್ನೆಲ್ಲ ಹೇಳಲ್ಲ ಕಣಣ್ಣ. ಆ ಕಾಲದ ಗಿಡಗಂಟಿ ಸಿಕ್ಕಿದ್ರೆ ಹೇಳ್ಬಹುದಿತ್ತು."

"ಒಳಗೆ ಹುಲ್ಲಿತ್ತಲ್ಲ?"

ಡಾಕ್ಟ್ರಮ್ಮನ ಕೈ ನಿಂತಿತು. "ಅದು ನೀನು ತುರುಕಿದ್ದಲ್ವಾ?"

"ನಾನ್ಯಾಕೆ ತುರುಕ್ಲಿ?"

ಆಯಿತಲ್ಲ ಎಡವಟ್ಟು! ಹಳೇ ಬೂಟಿನ ಆಕಾರ ಕೆಡದಿರಲಿ ಅಂತ ಒಳಗೆ ಕಾಗದವೋ ಹುಲ್ಲೋ ತುಂಬಿ ಕಳಿಸೋದು ವಾಡಿಕೆ. ಬಂದ ಮೇಲೆ ಅದನ್ನು ಕಿತ್ತು ಬಿಸಾಡೋದೂ ವಾಡಿಕೆ. ಅದೇ ದಿನ ಬೆಳಿಗ್ಗೆ ಬೂಟನ್ನು ಫ್ರೀಜರಿನಿಂದ ತೆಗೆದ ಈ ಮಹಾತಾಯಿಯೂ ಹಾಗೇ ಮಾಡಿದ್ದಳು.

ಕಸದ ಗಾಡಿ ಬರೋದರೊಳಗೆ ಹಿತ್ತಿಲಿಗೆ ಓಡಿ ಇಬ್ಬರೂ ಚೀಲಗಳನ್ನು ನೆಲಕ್ಕೆ ಸುರಿದರು. ಟೀ ಚರಟ, ಹರಿದ ಕೈಗವಸು, ಮರದ ಹೊಟ್ಟು. "ಅಷ್ಟು ವರ್ಷ ಹಿಮ ಕಾಪಾಡಿದ್ದನ್ನ ನಾನು ಒಂದು ಬೆಳಿಗ್ಗೇಲಿ ಹಾಳು ಮಾಡಿದ್ನಲ್ಲ" ಅಂತ ಅವಳು ಅತ್ತೇ ಬಿಟ್ಟಳು. ಪಾಪ, ಅಣ್ಣ ಬೈಯಲೂ ಇಲ್ಲ, ಮೊಣಕೈವರೆಗೆ ಕಸದಲ್ಲಿ ಕೈಯಾಡಿಸುತ್ತಲೇ ಇದ್ದ. ಕೊನೆಗೂ ಸಿಕ್ಕಿತು, ಹಿಮ್ಮಡಿಯ ಅಚ್ಚು ಇನ್ನೂ ಉಳಿದಿದ್ದ ಒಂದು ಹಿಡಿ ಹುಲ್ಲು.

ಗಿಡಮರದ ವಿಷಯ ಬಲ್ಲ ಗೆಳತಿಯೊಬ್ಬಳು ಅದನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದಳು. ಅಟ್ಟೆಗೆ ಮೆತ್ತಿದ್ದ ಮಣ್ಣು ಬೂಟು ಸಿಕ್ಕ ಜಾಗದ್ದೇ, ಅದರಲ್ಲಿ ಸಿಕ್ಕಿದ್ದೂ ಇದೇ ಹುಲ್ಲಿನ ಬೇರು. ಅಲ್ಲಿ ಆಗ ಹುಲ್ಲುಗಾವಲಿತ್ತು, ಹಿಮ ಬಂದದ್ದು ಆಮೇಲೆ ಅಂದಳು.

ಅಣ್ಣನಿಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ, ಹಿಮ ತಾನಾಗೇ ಬರುತ್ತೆ, ತಾನಾಗೇ ಹೋಗುತ್ತೆ. ಕರಗ್ತಿದೆ ಅಂತ ಜನ ಸುಮ್ನೆ ಗಾಬರಿ ಬೀಳ್ತಾರೆ." ಆಮೇಲೆ ಹೊಸ ಹುಳ ಹೊಕ್ಕಿತು. "ಹಿಮ ಮುಚ್ಕೊಳ್ಳೋಕೆ ಎಷ್ಟು ಕಾಲ ಹಿಡೀತು?"

"ನೂರಾರು ವರ್ಷ ಅಂತಾಳೆ ಗೆಳತಿ. ಅಜ್ಜ ನಡೆದ ದಾರಿಗೂ ಮೊಮ್ಮಗ ನಡೆದ ದಾರಿಗೂ ವ್ಯತ್ಯಾಸವೇ ಗೊತ್ತಾಗಿರಲಿಕ್ಕಿಲ್ಲ."

ಅಣ್ಣ ಬೂಟನ್ನೇ ನೋಡುತ್ತ ಕೂತ. ಅವನ ನಗು ಇಳಿದಿತ್ತು.

"ನಾನು ಕೆಲಸಕ್ಕೆ ಸೇರಿದಾಗ ಹಿಮ ಬೆಟ್ಟದ ಮೇಲೆ ನಾವು ತಂಗೋ ಗುಡಿಸಲಿನ ಬಾಗಿಲಲ್ಲೇ ಇತ್ತು. ಈಗ ಅದನ್ನ ಮುಟ್ಟೋಕೆ ಅರ್ಧ ದಿನ ನಡೀಬೇಕು" ಅಂದ. "ನನಗಿನ್ನೂ ಕೂದಲೇ ನೆರೆತಿಲ್ವಲ್ಲೇ."