ಸೋದರಮಾವನ ಕಾಯಿಲೆ ಮುಚ್ಚಿಟ್ಟ ತಂಗಿ

ಅಕ್ಕ ಹೊಲಿದ ಅಂಗಿಗಳ ಎಡತೋಳು ಗಿಡ್ಡವಾಗತೊಡಗಿದಾಗ ಗಿರಾಕಿಗಳು ಮೊದಮೊದಲು ನಕ್ಕರು. "ಬಟ್ಟೆ ಉಳಿಸ್ತಾ ಇದ್ದೀಯೇನಮ್ಮಾ?" ಎಂದು ಕೆಣಕಿದರು. ಜೊತೆಯಲ್ಲೇ ಹೊಲಿಯುವ ತಂಗಿಗೆ ಮಾತ್ರ ನಗು ಬರಲಿಲ್ಲ. ಬೆಳಗ್ಗೆ ಎದ್ದರೆ ಅಕ್ಕನಿಗೆ ತಲೆನೋವು, ವಾಂತಿ. ಎಡಗಡೆ ಇಟ್ಟ ಕತ್ತರಿಯೂ ಕಾಣುತ್ತಿರಲಿಲ್ಲ. ತಂಗಿ ಹಟ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮೆದುಳಿನಲ್ಲಿ ಗಡ್ಡೆ! ಪುಣ್ಯಕ್ಕೆ ಬೇಗ ಗೊತ್ತಾಯಿತು, ಆಪರೇಷನ್ ಆಯಿತು, ಅಕ್ಕ ಉಳಿದಳು.

ಆದರೆ "ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಡಾಕ್ಟರ್ ಕೇಳಿದಾಗ ತಂಗಿ ಥಟ್ಟನೆ "ಯಾರಿಗೂ ಇಲ್ಲ" ಎಂದುಬಿಟ್ಟಿದ್ದಳು. ಸೋದರಮಾವ ಸತ್ತದ್ದೇ ಈ ಕಾಯಿಲೆಯಿಂದ. ತಂಗಿ ತನ್ನ ಮಗಳಿಗೆ ಗಂಡು ನೋಡುತ್ತಿದ್ದ ಸಮಯ. ಮಾತು ಹೊರಬಿದ್ದರೆ ಯಾರು ಒಪ್ಪುತ್ತಾರೆ? ಅಂದಿನಿಂದ ಮಗಳು ತಲೆನೋವೆಂದರೆ ಸಾಕು, ತಂಗಿ ಅವಳ ಎಡಗಡೆ ಕತ್ತರಿ ಇಟ್ಟು ಕಾಣುತ್ತದೆಯೇ ಎಂದು ಕೇಳುತ್ತಿದ್ದಳು.

ಅಂಗಿ ಒಯ್ಯಲು ಬಂದ ಪಕ್ಕದ ಮನೆಯ ನರ್ಸ್ ಮುಂದೆ ಒಂದು ದಿನ ತಂಗಿಯ ದುಃಖ ಕಟ್ಟೆಯೊಡೆಯಿತು.

"ನಮ್ಮ ರಕ್ತದಲ್ಲೇ ಇದೆ ಕಣಮ್ಮಾ. ಮಾವ ಆಯ್ತು, ಅಕ್ಕ ಆಯ್ತು. ಇನ್ನು ನನ್ನ ಮಗಳು..."

"ಯಾರು ಹೇಳಿದ್ರು ನಿಂಗೆ? ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ವಂಶದಿಂದ ಬರೋದೇ ಅಲ್ಲ. ನೂರರಲ್ಲಿ ಕೆಲವರಿಗೆ ಮಾತ್ರ ಹಾಗೆ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ."

"ಮತ್ತೆ ಮಾವ?"

"ಅದನ್ನ ಡಾಕ್ಟರ್‌ಗೆ ಹೇಳ್ಬೇಕು. ಒಂದೇ ಮನೇಲಿ ಇಬ್ಬರಿಗೆ ಬಂದಿದ್ರೆ ವಿಚಾರಿಸಿ ನೋಡ್ತಾರೆ."

"ಊರಿಗೆಲ್ಲ ಗೊತ್ತಾದ್ರೆ?"

"ಡಾಕ್ಟರ್ ಏನು ಡಂಗುರ ಹೊಡೆಸ್ತಾರಾ? ಹೋಗಿ ಹೇಳು."

ತಂಗಿ ಅಕ್ಕನ ಜೊತೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಅಕ್ಕನಿಗೆ ರಕ್ತಪರೀಕ್ಷೆ ಮಾಡಿಸಿದರು. ಕೆಲವು ವಾರಗಳ ಮೇಲೆ ಕರೆದು, "ವಂಶದಿಂದ ಬಂದ ದೋಷದ ಗುರುತು ಸಿಕ್ಕಿಲ್ಲ. ಮಗಳಿಗೆ ಈಗ ಸ್ಕ್ಯಾನ್ ಬೇಡ. ಲಕ್ಷಣ ಏನಾದ್ರೂ ಕಂಡ್ರೆ ಬನ್ನಿ, ಸಾಕು" ಎಂದರು.

ತಂಗಿ ಕೈಮುಗಿದು ಅಲ್ಲೇ ಅತ್ತುಬಿಟ್ಟಳು.

ಹೊರಗೆ ಬಂದ ಮೇಲೆ ಅಕ್ಕ ಅವಳ ಕೈ ಹಿಡಿದುಕೊಂಡಳು. "ಆವತ್ತು ನೀನು ಬಾಯಿ ಮಾಡಿ ಎಳ್ಕೊಂಡು ಬರದಿದ್ರೆ ನಾನೆಲ್ಲಿರ್ತಿದ್ದೆ? ನನ್ನ ಜೀವ ಉಳಿಸಿದ ಬಾಯಿ ಕಣೇ ಅದು. ಇನ್ಮೇಲೆ ಮುಚ್ಕೊಂಡು ಕೂರ್ಬೇಡ."

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಒಬ್ಬರಿಗೆ ಬಂತೆಂದು ಎಲ್ಲರೂ ಹೆದರಬೇಡಿ. ಯಾರಿಗೂ ಬಂದಿಲ್ಲವೆಂದು ಉದಾಸೀನವೂ ಬೇಡ. ಬೆಳಗಿನ ತಲೆನೋವಿನ ಜೊತೆ ವಾಂತಿ, ಹೊಸದಾಗಿ ಫಿಟ್ಸ್, ಕಣ್ಣು ಮಂಜಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ತಡಮಾಡದೆ ಹೋಗಿ. ಡಾಕ್ಟರ್ ಕೇಳಿದಾಗ ಮನೆತನದ ಕಾಯಿಲೆಗಳನ್ನು ಮುಚ್ಚಿಡದೆ ಹೇಳಿ. ಮರ್ಯಾದೆ ಎಲ್ಲಿಗೂ ಹೋಗುವುದಿಲ್ಲ. ಮನೆಯವರೊಬ್ಬರ ಜೀವ ಉಳಿಯಬಹುದು.