ಸುಶೀಲಾಬಾಯಿಯ ಕೈಗುಣ

"ಜಪಾನದ ಪೈಲಟ್ ಈ ಗಿಡಕ್ಕ ತನ್ನ ಸೀಟ್ ಬಿಟ್ಟುಕೊಟ್ಟು, ತಾ ನಿಂತಕೊಂಡೇ ವಿಮಾನ ಹೊಡಕೊಂಡು ಬಂದಾನ್ರಿ!" ಎನ್ನುತ್ತ ಶಿವಕಾಂತ ಪಲ್ಲಕ್ಕಿಯ ಬಿದಿರಿಗೆ ಚೆಂಡುಹೂವಿನ ಸರ ಬಿಗಿದ.

ನಗಬೇಕೋ ಬೇಡವೋ ತಿಳಿಯದೆ ಮಂದಿ ಒಳಮನೆಯತ್ತ ನೋಡಿದರು. ಅಲ್ಲಿ ಅವನ ಅತ್ತಿಗೆ ಸುಶೀಲಾಬಾಯಿಯನ್ನು ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಎರಡೂ ಅಂಗೈ.

ಶಿವಕಾಂತ ಓಝರ್‌ನ ವಿಮಾನ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟುಬೋಲ್ಟು ಕೊಡುವವ. ಅವನ ಮಾತು ನಂಬಿದರೆ, ಅವನೊಮ್ಮೆ ಸೀನಿದರೆ ದೇಶದ ವಿಮಾನಗಳೆಲ್ಲ ನೆಲಕ್ಕಿಳಿಯಬೇಕು. ಇವತ್ತು ಮಾತ್ರ ಅವನು ಮಾತಾಡುತ್ತಿದ್ದುದು ಭಯಕ್ಕೆ. ಬಾಗಿಲಿಗೂ ಗೇಟಿಗೂ ನಡುವೆ ಆ ಜಪಾನಿ ಮೇಪಲ್ ಒಣಗಿ ನಿಂತಿತ್ತು. ಹಾದಿಹೋಕರಿಗೆಲ್ಲ ಕಾಣಲೆಂದು ಅವನೇ ಅಲ್ಲಿ ನೆಟ್ಟದ್ದು. ಕೂತ ಹೆಣದ ಪಲ್ಲಕ್ಕಿ ಅಗಲ; ಅದು ಗೇಟು ದಾಟಬೇಕಾದರೆ ಗಿಡ ಕೀಳಬೇಕು. ಕಿತ್ತರೆ ಬುಡದಲ್ಲಿರುವುದು ಊರಿಗೆಲ್ಲ ಕಾಣುತ್ತದೆ.

"ಎಂಥಾ ಕೈ ಅದು!" ನೆರೆಮನೆಯ ಶಾಂತಾಬಾಯಿ ಮೂಗು ಒರೆಸಿಕೊಂಡಳು. "ನಾಸಿಕ್ ರೋಡಿನ ನೋಟಿನ ಪ್ರೆಸ್ಸಿನ ಅರ್ಧ ಮಂದಿಗೆ ರೊಟ್ಟಿ ಬಡಿದ ಕೈ. ಒಣಗಿದ ಕಡ್ಡಿ ಚುಚ್ಚಿದ್ರೂ ಚಿಗೀತಿತ್ತು. ನಮ್ಮ ಗಲ್ಲಿ ಕರಿಬೇವು, ದಾಸವಾಳ ಎಲ್ಲಾ ಆಕೀ ಹಚ್ಚಿದ್ದ. ಮೊನ್ನೆ ಒಂದು ಮಲ್ಲಿಗಿ ಬಳ್ಳಿ ಒಯ್ದ್ರ ಎರಡೂ ಕೈ ಸೆರಗಿನ್ಯಾಗ ಮುಚ್ಚಿಕೊಂಡ್ಳವ್ವ. 'ಬ್ಯಾಡ, ನನ್ನ ಕೈಗುಣ ಕೆಟ್ಟದ' ಅಂದ್ಳು."

ಶಿವಕಾಂತ ಬಿಗಿದ ಸರವನ್ನೇ ಬಿಚ್ಚಿ ಮತ್ತೆ ಬಿಗಿಯತೊಡಗಿದ.

*

ಗಿಡ ನೆಟ್ಟದ್ದು ಯುಗಾದಿ ಪಾಡ್ಯದ ದಿನ. ಸುಶೀಲಾಬಾಯಿಯ ಅಂಗಳದಲ್ಲಿ ಗಲ್ಲಿಯೇ ನೆರೆದಿತ್ತು. "ಜಪಾನದಾಗ ಒಂದೊಂದು ಗಿಡಕ್ಕ ಒಬ್ಬೊಬ್ಬ ಡಾಕ್ಟರ್. ಇದರ ಡಾಕ್ಟರ್ ನಾನs!" ಎಂದು ಶಿವಕಾಂತ ಸಾರಿದ. ಮಾತಿನ ಭರದಲ್ಲಿ ಸಸಿಯನ್ನು ಕುಣಿಗಿಳಿಸಿ, ಮಣ್ಣೆಳೆದು, ತುಳಿದು, ಚಪ್ಪಾಳೆಯನ್ನೂ ಗಿಟ್ಟಿಸಿದ. ಓಝರ್‌ಗೆ ಮರಳುವ ಬಸ್ಸಿನಲ್ಲಿ ಚಿಲ್ಲರೆಗೆಂದು ಜೇಬಿಗೆ ಕೈಹಾಕಿದಾಗ ಬ್ಲೇಡು ಸಿಕ್ಕಿತು, ಕಾಗದ ಸುತ್ತಿದ ಹಾಗೆಯೇ. ಸಸಿಯ ಪ್ಲಾಸ್ಟಿಕ್ ಚೀಲ ಕತ್ತರಿಸಲೆಂದು ತಂದದ್ದು. ಚೀಲ ಮಣ್ಣೊಳಗೇ ಉಳಿದಿತ್ತು. ಮರಳಿ ಹೋಗಿ ಅಷ್ಟು ಮಂದಿಯೆದುರು ಕುಣಿ ಅಗೆಯುವುದೇ? ನಾಳೆ ನೋಡಿದರಾಯಿತು ಎಂದುಕೊಂಡ.

ಎಲೆಯಂಚು ಸುಟ್ಟಂತಾದಾಗ ಸುಶೀಲಾಬಾಯಿ ಫೋನು ಮಾಡಿದಳು. "ಬಿಸಿಲು ವೈನಿ, ಬಿಸಿಲು!" ಎಂದ. ಆಕೆ ತನ್ನ ಇಳಕಲ್ ಸೀರೆಯನ್ನೇ ನೆರಳಿಗೆ ಕಟ್ಟಿದಳು. ಎಲೆ ಮುರುಟಿದವು. "ನೀರು ಸಾಲವಲ್ದು." ಕೊಡಗಟ್ಟಲೆ ಹೊತ್ತು ಹಾಕಿದಳು. ಉದುರಿದವು. "ನೀರು ಹೆಚ್ಚಾತು!"

ಕೊನೆಗೆ ಮನೆ ತುಂಬ ನೆಂಟರಿದ್ದ ದಿನ ಆಕೆ ಅಂಗಳಕ್ಕೆ ಕರೆದು ಕೇಳಿದಳು: "ಶಿವಕಾಂತ, ಖರೇ ಹೇಳಪಾ. ಏನಾಗ್ಯದ ಇದಕ್ಕ?"

ಅವನು ಕೊಂಬೆಯ ನಾಡಿ ಹಿಡಿದು ಕಣ್ಣು ಮುಚ್ಚಿದ. "ಗಿಡಕ್ಕ ಏನೂ ಆಗಿಲ್ಲ ವೈನಿ. ನಿಮ್ಮ ಕೈಗುಣ."

ನೆಂಟರೆಲ್ಲ ನಕ್ಕರು. ಸುಶೀಲಾಬಾಯಿಯೂ ನಕ್ಕಳು. ಆಮೇಲೆ ತನ್ನ ಅಂಗೈಗಳನ್ನೇ ನೋಡುತ್ತ ಸೆರಗಿಗೆ ಒರೆಸಿಕೊಂಡಳು.

*

"ಯಾಳೆ ಆಯ್ತು, ಎಬ್ಬಿಸ್ರಪಾ," ಎಂದು ಅಯ್ಯನವರು ಗಂಟೆ ಬಾರಿಸಿದರು. ಹಿಂದೆಯೇ ಸುಶೀಲಾಬಾಯಿಯ ಅಳಿಯ ಮಧುಕರ ಸ್ಮಶಾನದಲ್ಲಿ ಸಮಾಧಿ ತೋಡಿಸಿ ಬಂದ, ಸಂಭಾಜಿನಗರದವನು. ಗಿಡ ಅಡ್ಡವಿದ್ದುದನ್ನು ಕಂಡು ತೋಳು ಏರಿಸಿದ.

"ಮುಟ್ಟಬ್ಯಾಡ್ರಿ!" ಶಿವಕಾಂತ ನಡುವೆ ನುಗ್ಗಿದ. "ಅದರ ಬೇರು ಪಾತಾಳಕ್ಕ ಇಳಿದಾವ. ಕ್ರೇನ್ ಬೇಕಾಗ್ತದ!"

ಮಧುಕರ ಒಂದೇ ಕೈಯಲ್ಲಿ ಜಗ್ಗಿದ. ಗಿಡ ಚೀಲದ ಸಮೇತ ಮೇಲೆ ಬಂತು. ಚೀಲದ ಬಾಯಿಗೆ ಸುತ್ತಿದ ಸುತಳಿ ಕೂಡ ಗಟ್ಟಿಯಾಗಿತ್ತು.

"ಅರೆ ಕಾಕಾ, ಈ ಗಂಟು ನಾನs ಹಾಕಿದ್ದಲ್ಲಾ? ನೀವು ನಮ್ಮೂರ ನರ್ಸರಿಯಿಂದ ಒಯ್ದಾಗ, ಬಸ್ಸಿನ್ಯಾಗ ಮಣ್ಣು ಚೆಲ್ಲಬಾರದಂತ?"

ಯಾರೂ ನಗಲಿಲ್ಲ. ಚೀಲದ ಹೊರಗೆ ಕೆಸರು, ಒಳಗೆ ಬೂದಿಯಂಥ ಮಣ್ಣು. ಹೋಗಲು ದಾರಿಯಿಲ್ಲದ ಬೇರುಗಳು ತಮ್ಮನ್ನೇ ಸುತ್ತಿಕೊಂಡು ಸತ್ತಿದ್ದವು.

ಸುಶೀಲಾಬಾಯಿಯ ಮಗಳು ರೂಪಾ ಹೊಸ್ತಿಲಿಗೆ ಬಂದಳು. ತುಂಬಿದ ಬಸುರಿ. ಬರಬೇಡವೆಂದರೂ ಕೇಳದೆ ಬಂದಿದ್ದಳು.

"ಕಾಕಾ, ಅವ್ವನ ಕೈ ಹಿಡಿದು ನನ್ನ ಹೊಟ್ಟಿ ಮ್ಯಾಲ ಇಟ್ಕೋಬೇಕಂದ್ರ, ದವಾಖಾನ್ಯಾಗ ಕಸಕೊಂಡ್ಳು. 'ಬ್ಯಾಡವ್ವ, ಕೂಸಿಗೆ ಏನರೆ ಆದೀತು' ಅಂದ್ಳು. ಈ ಚೀಲದ ಸಲುವಾಗಿ ಏನು?"

"ಜಪಾನದಾಗ ಹಿಂಗs..." ಶಿವಕಾಂತನ ನಾಲಗೆ ರೂಢಿಯಂತೆ ಹೊರಟು ಅಲ್ಲೇ ನಿಂತಿತು. ಅವನು ಒಳಗೆ ಕೂತವಳತ್ತ ತಿರುಗಿದ. ಮುಖ ನೋಡಲಾಗದೆ ಆಕೆಯ ಅಂಗೈ ನೋಡಿದ.

"ಚೀಲ ಬಿಚ್ಚೂದು ಮರ್ತಿದ್ದೆ ವೈನಿ. ಅವತ್ತೇ ಗೊತ್ತಾಗಿತ್ತು. ಹೇಳಿದ್ರ ಮಂದಿ ನಗ್ತಾರಂತ ಸುಮ್ಮನಾದೆ. ನಿಮ್ಮ ಕೈಯಾಗ ಏನೂ ಇರಲಿಲ್ಲ. ಗಿಡ ಕೊಂದಾಂವ ನಾನು."

ಅಷ್ಟು ಸಣ್ಣ ದನಿ ಅವನಿಗಿದೆಯೆಂದು ಗಲ್ಲಿಗೆ ಗೊತ್ತಿರಲಿಲ್ಲ.

ಆಕೆಯನ್ನು ಕೂರಿಸಿಕೊಂಡು ಪಲ್ಲಕ್ಕಿ ಎದ್ದಿತು. ಮುಂದೆ ಗಿಡ ಕಿತ್ತ ಕುಣಿ ಬಾಯ್ದೆರೆದಿತ್ತು. ಯಾರೋ ಸಲಿಕೆ ಚಾಚಿದರು. ಶಿವಕಾಂತ ಅದನ್ನು ತೆಗೆದುಕೊಳ್ಳದೆ ಮೊಣಕಾಲೂರಿ, ಬೊಗಸೆ ಬೊಗಸೆಯಾಗಿ ಕೆಸರು ತುಂಬತೊಡಗಿದ. ಸುಶೀಲಾಬಾಯಿಯನ್ನು ಹೆಗಲ ಮೇಲೆ ಹೊತ್ತ ನಾಲ್ವರೂ ಅವನು ಮುಗಿಸುವವರೆಗೆ ಕಾಯುತ್ತ ನಿಂತರು.