ಮೊದಲ ನಲವತ್ತು ಸಾಲು

ಕರೆಂಟು ಹೋಗಿ ಬಂದ ಮೇಲೆ ಹೆರಿಗೆ ವಾರ್ಡಿನ ಲಸಿಕೆ ಫ್ರಿಜ್ಜಿನ ತಾಪಮಾಪಕ ಕಣ್ಣು ಬಿಡಲೇ ಇಲ್ಲ. ವಾರ್ಡಿನ ಹೆಡ್ ನರ್ಸ್ ಲಸಿಕೆಗಳನ್ನೆಲ್ಲ ಪಕ್ಕದ ಫ್ರಿಜ್ಜಿಗೆ ಸಾಗಿಸಿ, ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಯಂತ್ರ ರಿಪೇರಿ ಮಾಡುವ ಸ್ವಂತ ತಂಗಿಗೆ ಫೋನ್ ಮಾಡಿದಳು.

“ಏನೇ, ಹೋದ ವರ್ಷ ಇದನ್ನೇ ಸರಿಮಾಡಿದೆ ಅಂತ ಬೀಗ್ತಿದ್ದೆಯಲ್ಲ?”

“ಅದು ಮಕ್ಕಳ ವಾರ್ಡಿಂದು ಕಣಕ್ಕ. ಇದು ಬೇರೆ ಬೋರ್ಡು.”

ಹೇಳಿದ ಮೇಲೆ ತಂಗಿಗೇ ನಾಚಿಕೆಯಾಯಿತು. ಆ ತಾಪಮಾಪಕಗಳನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಿ ತಿದ್ದಬಹುದು. ಅದು ಏಳು ಬಗೆಯ ಸರ್ಕ್ಯೂಟ್ ಬೋರ್ಡುಗಳಲ್ಲಿ ಓಡುತ್ತಿತ್ತು. ಕರೆಂಟು ಬಂದ ಕ್ಷಣ ಬೋರ್ಡಿನೊಳಗಿನ ಗಡಿಯಾರ ಹೊರಡಿಸಿ, ಮೆಮೊರಿ ಒರೆಸಿ, ಮುಂದಿನ ಕೆಲಸಕ್ಕೆ ದಾರಿ ಬಿಡುವ ಕೋಡಿನ ಮೊದಲ ನಲವತ್ತು ಸಾಲು ಏಳು ಫೋಲ್ಡರುಗಳಲ್ಲಿ ಏಳು ನಕಲಾಗಿ ಕೂತಿದ್ದವು. ಅವಳು ತಿದ್ದಿದ್ದು ಒಂದನ್ನು. ಉಳಿದ ಆರರಲ್ಲಿ ತಪ್ಪು ತಣ್ಣಗೆ ಮಲಗಿತ್ತು.

ವಾರ್ಡಿನದನ್ನು ಅಂದೇ ಸರಿಮಾಡಿ, ಸಂಜೆ ಈ ಫರ್ಮ್‌ವೇರ್ ಯೋಜನೆಯನ್ನು ನೋಡಿಕೊಳ್ಳುವ ಹಿರಿಯರಿಗೆ ಬರೆದಳು: ಈ ಸಾಲುಗಳನ್ನು ಎಲ್ಲಕ್ಕೂ ಸೇರಿದ ಒಂದೇ ಕಡೆ ಇಡೋಣ. ಅವರು ಇನ್ನೊಂದು ಊರಿನ ನಿವೃತ್ತ ವಿಜ್ಞಾನದ ಮೇಷ್ಟ್ರು. ಎಲ್ಲರ ಬಾಯಲ್ಲೂ ತಾತ. ಬರೆಯುವ ಬದಲು ಫೋನೇ ಮಾಡಿದರು.

“ಬೇಡಮ್ಮ. ಹಿಂದೊಮ್ಮೆ ಹಾಗೇ ಮಾಡಿ ಕೈ ಸುಟ್ಟುಕೊಂಡಿದ್ದೀನಿ. ಒಬ್ಬ ಒಂದು ಸಾಲು ಮುಟ್ಟಿದ, ಏಳೂ ಒಟ್ಟಿಗೆ ಮಲಗಿದ್ವು. ನಕಲಿದ್ರೆ ಕೆಟ್ಟರೂ ಒಂದೇ ಕೆಡುತ್ತೆ.”

“ಸರಿ ಮಾಡಿದ್ರೂ ಒಂದೇ ಸರಿಹೋಗುತ್ತಲ್ಲ, ತಾತ?”

“ನೋಡೋಣ” ಅಂದು ಅವರು ಫೋನಿಟ್ಟರು.

ರಜೆಯ ದಿನ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಏಳೂ ನಕಲುಗಳ ಹಾಳೆ ಹರಡಿದಳು. ಭಾವ ತಟ್ಟೆ ಹಿಡಿದು ನಿಂತೇ ಉಂಡರು. ತಲೆಬುಡ ತಿಳಿಯದಿದ್ದರೂ ಅಕ್ಕ ಔಷಧಿ ಚೀಟಿ ಓದುವ ಗತ್ತಿನಲ್ಲಿ ಸಾಲು ಸಾಲಾಗಿ ಓದಿದಳು. ತಂಗಿ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಮೂರು ಗಂಟೆಯ ಹೊತ್ತಿಗೆ ಗುಟ್ಟು ಬಯಲಾಯಿತು. ನಾಲ್ಕು ಬೋರ್ಡುಗಳ ಮಿದುಳಿನಂಥ ಚಿಪ್ ಒಂದೇ, ಸಾಲುಗಳೂ ಅಚ್ಚು ಹೊಡೆದಂತೆ ಒಂದೇ. ಉಳಿದ ಮೂರರದು ಬೇರೆ ಚಿಪ್. ಆ ಮೂರರ ಸಾಲುಗಳೂ ತಮ್ಮತಮ್ಮಲ್ಲಿ ಹೆಚ್ಚು ಕಡಿಮೆ ಒಂದೇ. ಹಿಂದೆ ಈ ಎರಡು ಜಾತಿಯನ್ನೂ ಒಂದೇ ಕಡೆ ತುರುಕಿದ್ದೇ ಎಡವಟ್ಟು. ಒಂದೊಂದು ಬಗೆಯ ಚಿಪ್‌ಗೆ ಒಂದೊಂದು ಜಾಗ ಮಾಡಿದರೆ ಮುಗಿಯಿತು!

ತಾತ ಒಪ್ಪಿದರು, ಆದರೆ ಏಳೂ ಬೋರ್ಡು ಎದ್ದ ಮೇಲೆಯೇ ಈ ಬದಲಾವಣೆಯನ್ನು ಯೋಜನೆಗೆ ಸೇರಿಸುವುದು ಅಂದರು. ಹೊಸ ಸಾಲುಗಳನ್ನು ಹಾಕಿ ನೋಡಿದವರಿಂದ ಊರೂರಿನಿಂದ ವರದಿ ಬಂತು. ಆರು ಎದ್ದವು. ತಾತನ ಮೇಜಿನ ಮೇಲಿದ್ದ ಏಳನೆಯದು ಜಪ್ಪಯ್ಯ ಅಂದರೂ ಏಳಲಿಲ್ಲ.

“ನಾನು ಹೇಳಿರಲಿಲ್ವಾ?” ಅಂದರು.

ಅವಳು ಹಳೆಯ, ಹೊಸ ಸಾಲುಗಳನ್ನು ಮತ್ತೆ ಪಕ್ಕಪಕ್ಕ ಇಟ್ಟಳು. ಎರಡು ದಿನ ತಡಕಾಡಿದ ಮೇಲೆ ಸಿಕ್ಕಿದ್ದು ಆ ಬೋರ್ಡಿನ ಹಳೆಯ ನಕಲಿನಲ್ಲಿದ್ದ ಒಂದು ಸಾಲು: ಸುಮ್ಮನೆ ಸ್ವಲ್ಪ ಹೊತ್ತು ಕಾಯುವುದು. ಯಾಕೆಂದು ಎಲ್ಲೂ ಬರೆದಿರಲಿಲ್ಲ. ಕೆಲಸಕ್ಕೆ ಬಾರದ್ದೆಂದು ಅವಳೇ ಅಳಿಸಿದ್ದಳು.

“ತಾತ, ಈ ಕಾಯೋ ಸಾಲು ಹಾಕಿದ್ದು ಯಾರು?”

ಆ ಕಡೆಯಿಂದ ನಗು ಕೇಳಿಸಿತು. “ನಾನೇ ಕಣಮ್ಮ! ಆ ಬೋರ್ಡಿನ ಗಡಿಯಾರ ನನ್ನ ಹಾಗೇ, ಎದ್ದ ತಕ್ಷಣ ಓಡಲ್ಲ. ಬರೆದಿಡೋದು ಮರೆತೆ. ತಪ್ಪು ನಂದು.”

ಕಾಯುವ ಸಾಲನ್ನು ಮಾತ್ರ ಆ ಬೋರ್ಡಿನ ಫೋಲ್ಡರಿನಲ್ಲಿ, ಕಾರಣದ ಸಮೇತ ಇಟ್ಟಳು; ಉಳಿದದ್ದು ಚಿಪ್‌ನ ಜಾಗದಲ್ಲಿ. ಏಳೂ ಎದ್ದವು. ತಾತ ಅಂದೇ ಸೇರಿಸಿದರು. ಮುಂದೆ ಬರುವ ಬದಲಾವಣೆಗಳನ್ನು ಸೇರಿಸುವ ಅಧಿಕಾರವನ್ನೂ ಅವಳಿಗೆ ಕೊಟ್ಟುಬಿಟ್ಟರು. “ನಾನು ತಪ್ಪು ಮಾಡಿದ್ರೆ ಬೈಯೋಕೆ ಒಬ್ಬರು ಬೇಕಲ್ಲ.”

ಮುಂದಿನ ವಾರ ದೂರದೂರಿನ ಔಷಧಿ ಅಂಗಡಿಯವನೊಬ್ಬ ಬರೆದ: ನನ್ನದು ಎಂಟನೆಯ ಬಗೆಯ ಬೋರ್ಡು, ಶುರುವಿನ ಸಾಲುಗಳನ್ನು ಎಲ್ಲಿಡಲಿ?

ಅವಳು ಅದರ ಚಿಪ್‌ನ ಹೆಸರು ನೋಡಿದಳು. “ಆ ಚಿಪ್‌ನ ಜಾಗದಲ್ಲಿ ಆಗಲೇ ಇವೆ. ನಿಮ್ಮ ಬೋರ್ಡಿಗೆ ಏನಾದರೂ ಹಠವಿದ್ದರೆ ಅಷ್ಟು ಬರೆಯಿರಿ, ಯಾಕೆ ಅಂತಲೂ ಬರೆಯಿರಿ” ಎಂದು ಉತ್ತರಿಸಿ, ಬ್ಯಾಗು ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.

ಬಸ್ಸಿನಲ್ಲಿ ಕೂರುವಷ್ಟರಲ್ಲಿ ಮರುತ್ತರ ಬಂತು: ಎದ್ದಿತು.